ಒಳಕ್ಕೆ ಮುಖ ಮಾಡಿದ ಬೋಲ್ಟು

ಸಂಜೆ ನಾಲ್ಕಕ್ಕೆ ಕೊರಟಗೆರೆಯಿಂದ ಯಾರೋ ಬಂದು ನಮ್ಮ ಕಾರು ಕೊಂಡುಹೋಗುತ್ತಾರೆ ಅಂತ ನನ್ನ ಗಂಡನ ಅಣ್ಣ ಅವರಷ್ಟಕ್ಕೆ ಅವರೇ ತೀರ್ಮಾನ ಮಾಡಿಬಿಟ್ಟಿದ್ದರು. ಕಾರು ಓಡಿಸುತ್ತಿದ್ದವಳು ನಾನು. ನನ್ನನ್ನು ಒಂದು ಮಾತು ಕೇಳಿರಲಿಲ್ಲ.

ಕಾಗದದ ಪ್ರಕಾರ ಅದು ನನ್ನ ಅತ್ತೆಯದು. ವಳ್ಳೂರಿನಲ್ಲಿ ಅವರ ಹೆಸರಿಗಿದ್ದ ಹೊಲ ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋದಮೇಲೆ ತೆಗೆದುಕೊಂಡ ಹಳೇ ಗಾಡಿ. ಮನೆಯಲ್ಲಿ ಕಾರಿನ ಲೈಸೆನ್ಸ್ ಮಾಡಿಸಿಕೊಂಡವಳು ನಾನೊಬ್ಬಳೇ. ನಾನು ಟೈಲರ್. ಹೊಲಿದ ಯೂನಿಫಾರಂ ಮೂಟೆಗಳನ್ನು ಪಾವಗಡದ ಅಂಗಡಿಗೆ ಹಾಕುವುದು, ಅತ್ತೆಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯುವುದು, ಎಲ್ಲ ಅದರಲ್ಲೇ. ಅದಕ್ಕೂ ಮುಂಚೆ ಭಾವನ ಬೈಕಿನ ಹಿಂದೆ ಮೂಟೆ ತಬ್ಬಿಕೊಂಡು ಕೂತು, ಅವರಿಗೆ ಪುರುಸೊತ್ತಾದಾಗ ಹೋಗಿ, ಅವರಿಗೆ ಮನಸ್ಸಾದಾಗ ವಾಪಸ್ ಬರುತ್ತಿದ್ದೆ. ಆ ಕಾಲ ನನಗೆ ಮತ್ತೆ ಬೇಡ ಅಂದರೆ ಬೇಡ.

ಭಾವನಿಗೆ ಸಿಕ್ಕ ನೆಪ ಬ್ರೇಕು. ಕೆಲವು ದಿನಗಳಿಂದ ಬ್ರೇಕ್ ಒತ್ತಿದರೆ ಮುಂದಿನ ಚಕ್ರ ಕಿರ್ರೆಂದು ಕಿರುಚುತ್ತಿತ್ತು. ಬ್ರೇಕ್ ಪ್ಯಾಡ್ ಸವೆದಿತ್ತು, ಅಷ್ಟೇ. ಭಾವ ಹೋಗಿ ಅತ್ತೆಯ ಕಿವಿಯಲ್ಲಿ, ಬ್ರೇಕ್ ಹೋದ ಗಾಡಿ ಒಂದಲ್ಲ ಒಂದು ದಿನ ಎಲ್ಲರನ್ನೂ ತಿನ್ನುತ್ತದೆ ಅಂತ ಊದಿದರು. ಅತ್ತೆ ಹೆದರಿದರು. ನನ್ನ ಗಂಡ ಅಣ್ಣನ ಮುಂದೆ ಬಾಯಿ ಬಿಡುವವರಲ್ಲ. ಬೆಳಿಗ್ಗೆಯೇ ತಿರುಮಣಿ ಕಡೆ ಡ್ಯೂಟಿಗೆ ಹೋಗಿಬಿಟ್ಟರು. ನಾನೇ ಅತ್ತೆಯ ಮುಂದೆ ಹೋಗಿ ಕೂತೆ. ಅವರು ಅಡಿಕೆ ಕತ್ತರಿಸುತ್ತಾ ಒಂದೇ ಮಾತು ಹೇಳಿದರು.

"ಸಂಜೆ ಒಳ್ಗೆ ಸರಿ ಆದ್ರೆ ಇರ್ಲಿ. ಆಗ್ಲಿಲ್ಲ ಅಂದ್ರೆ ಮಾರೋ ಕಾಗ್ದಕ್ಕೆ ಎಬ್ಬೆಟ್ಟು ಒತ್‌ಬುಡ್ತೀನಿ ಕಣಮ್ಮ."

ಪಾವಗಡದ ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ, ಗಾಡಿ ತಂದು ಎರಡು ದಿನ ಬಿಡಿ ಅಂದ. ಎರಡು ದಿನ ಯಾರಪ್ಪನ ಮನೆಯಲ್ಲಿದೆ? ಪ್ಯಾಡ್‌ಗಳನ್ನು ಹಿಂದಿನ ವಾರವೇ ತಂದಿಟ್ಟಿದ್ದೆ. ಮೋಟರ್ ರಿಪೇರಿಯವರಿಂದ ಸ್ಪ್ಯಾನರ್ ಸೆಟ್ ಇಸಕೊಂಡು ಬಂದೆ. ಫೋನಿನಲ್ಲಿ ಒಂದೇ ವಿಡಿಯೊವನ್ನು ಆರು ಸಲ ನೋಡಿದೆ. ಅಂಗಳದಲ್ಲಿ ಜಾಕ್ ಕೊಟ್ಟು, ಅದೊಂದನ್ನೇ ನಂಬದೆ ಕೆಳಗೆ ದಪ್ಪ ಮರದ ದಿಮ್ಮಿ ಇಟ್ಟು, ಚಕ್ರ ಬಿಚ್ಚಿದೆ. ಒಳಗೆ ಚಕ್ರದ ಜೊತೆ ತಿರುಗುವ ಡಿಸ್ಕು, ಅದನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿದ ಕಬ್ಬಿಣದ ಕ್ಯಾಲಿಪರ್, ಅದರ ಬೆನ್ನಿಗೆ ಎರಡು ಬೋಲ್ಟು. ಅವೆರಡು ಬಂದರೆ ಕ್ಯಾಲಿಪರ್ ಬಂತು, ಪ್ಯಾಡ್ ಬಂತು, ನನ್ನ ಕಾರು ಉಳಿಯಿತು.

ಬೋಲ್ಟು ಅಲ್ಲಾಡಲಿಲ್ಲ. ತುಕ್ಕು. ಹೊಲಿಗೆ ಮಿಷನ್ನಿನ ಎಣ್ಣೆಯ ಡಬ್ಬಿ ತಂದು, ಡಿಸ್ಕಿಗೆ ಎಣ್ಣೆ ಸಿಡಿಯದಂತೆ ಬಟ್ಟೆ ಚೂರು ಮುಚ್ಚಿ, ಬೋಲ್ಟಿನ ಬುಡಕ್ಕೆ ನಾಲ್ಕು ಹನಿ ಬಿಟ್ಟೆ. ಅಷ್ಟರಲ್ಲಿ ಭಾವ ಬಂದರು. ಟ್ರಾಕ್ಟರ್ ಓಡಿಸುವವರು, ಜಗತ್ತಿನ ಗಾಡಿಗಳೆಲ್ಲ ತಮಗೆ ಗೊತ್ತು ಅಂತ ಅವರ ನಂಬಿಕೆ. ಚಕ್ರ ಬಿಚ್ಚಿದ ಜಾಗದ ಎದುರಿಗೆ ಸೊಂಟದ ಮೇಲೆ ಕೈಯಿಟ್ಟು ನಿಂತು, ಎಡಕ್ಕೆ ತಿರುಗಿಸು, ಎಡಕ್ಕೆ ಅಂದರು. ತಿರುಗಿಸಿದೆ. ಊಹೂಂ. ಆಮೇಲೆ ಅವರೇ ಉದ್ದನೆಯ ಪೈಪು ತಂದು ಸ್ಪ್ಯಾನರಿಗೆ ತೊಡಿಸಿ, ಮೈಭಾರ ಹಾಕಿ ಎಡಕ್ಕೆ ಎಳೆದರು. ಬೋಲ್ಟು ಕೂದಲೆಳೆಯಷ್ಟು ತಿರುಗಿ ಮತ್ತೆ ಕಲ್ಲಾಯಿತು. ಇದು ಬರುವ ಬೋಲ್ಟಲ್ಲ, ಸುಮ್ಮನೆ ಆಟ ಆಡಬೇಡ ಅಂತ ಹೇಳಿ ಜಗಲಿ ಮೇಲೆ ಕೂತು ಬೀಡಿ ಹಚ್ಚಿದರು.

ನನಗೆ ಅಳು ಬಂತು. ಅಳುವುದಾದರೆ ಗಾಡಿ ಕೆಳಗಡೆಯೇ ಅಳೋಣ ಅಂತ ಗೋಣಿಚೀಲ ಹಾಸಿ, ಡಿಸ್ಕಿನ ಹಿಂದೆ ತಲೆ ಬರುವಂತೆ ಮಲಗಿದೆ. ಬೋಲ್ಟಿನ ತಲೆ ಸೀದಾ ನನ್ನ ಮುಖಕ್ಕಿತ್ತು. ಅದು ಒಳಕ್ಕೆ ಮುಖ ಮಾಡಿತ್ತು, ನಾವಿಬ್ಬರೂ ಅದರ ಬೆನ್ನ ಕಡೆ ನಿಂತು ಎಡ ಬಲ ಅಂತಿದ್ದೆವು. ರವಿಕೆಯನ್ನು ಒಳಮೈ ಹೊರಕ್ಕೆ ತಿರುಗಿಸಿದರೆ ಎಡದೋಳು ಬಲಕ್ಕೆ ಬರುತ್ತದೆ. ಕಲಿಯುವಾಗ ಅದನ್ನು ಮರೆತು ತೋಳು ಅದಲುಬದಲು ಮಾಡಿ ಬೈಸಿಕೊಳ್ಳದ ಟೈಲರ್ ಇಲ್ಲ. ಇಲ್ಲೂ ಹಾಗೇ, ನಮ್ಮ ಎಡ ಬೋಲ್ಟಿಗೆ ಬಲ. ಭಾವ ಮೈಭಾರ ಹಾಕಿ ಎಳೆದದ್ದು ಬಿಗಿಯಾಗುವ ಕಡೆಗೆ! ಅಳು ಎಲ್ಲಿ ಹೋಯಿತೋ, ಮೈಯೆಲ್ಲ ಉರಿದುಹೋಯಿತು.

"ಭಾವ, ಇಷ್ಟೊತ್ತೂ ನಾವು ಬಿಗಿ ಮಾಡ್ತಿದ್ವಿ," ಅಂದೆ.

ಟ್ರಾಕ್ಟರ್ ಬಿಚ್ಚಿದವನಿಗೆ ಬ್ಲೌಸ್ ಹೊಲಿಯುವವಳು ಹೇಳಿಕೊಡುತ್ತಾಳೆ ಅಂತ ಅವರು ನಕ್ಕರು. ನಗಲಿ. ಸ್ಪ್ಯಾನರಿನ ತುದಿಗೆ ಸುತ್ತಿಗೆಯಲ್ಲಿ ಎರಡೇಟು ಕೊಟ್ಟು, ಅದೇ ಪೈಪು ಹಾಕಿ, ಅವರು ಹೇಳಿದ್ದಕ್ಕೆ ಉಲ್ಟಾ ಎಳೆದೆ. ಟಕ್ ಅಂತ ಒಂದು ಸದ್ದು. ಆಮೇಲೆ ಬೋಲ್ಟು ಬೆರಳಲ್ಲೇ ತಿರುಗಿ ಬಂತು. ಎರಡನೆಯದೂ ಹಾಗೇ ಬಂತು.

ಕ್ಯಾಲಿಪರನ್ನು ಅದರ ಬ್ರೇಕ್ ಎಣ್ಣೆಯ ಪೈಪಿನ ಮೇಲೆ ಜೋತುಬೀಳಲು ಬಿಡಬಾರದು. ಲಂಗದ ಲಾಡಿಯಲ್ಲಿ ಕಟ್ಟಿ ಮೇಲಕ್ಕೆ ತೂಗುಹಾಕಿದೆ. ಹೊಸ ಪ್ಯಾಡ್ ದಪ್ಪ, ಅದಕ್ಕೆ ಜಾಗವಾಗಲಿ ಅಂತ ಪ್ಯಾಡನ್ನು ತಳ್ಳುವ ಒಳಗಿನ ಪಿಸ್ಟನ್ನನ್ನು ಹಿಂದಕ್ಕೆ ಒತ್ತಿ, ಪ್ಯಾಡ್ ಕೂರಿಸಿದೆ. ಬೋಲ್ಟುಗಳ ತುಕ್ಕು ಉಜ್ಜಿ, ಮೊದಲು ಕೈಯಲ್ಲೇ ತಿರುಗಿಸಿ ಥ್ರೆಡ್ ಕೂರಿಸಿ, ಕೊನೆಗೆ ಸ್ಪ್ಯಾನರಿನಲ್ಲಿ ಬಿಗಿದೆ. ಇನ್ನೊಂದು ಚಕ್ರಕ್ಕೆ ಅರ್ಧದಷ್ಟು ಹೊತ್ತೂ ಹಿಡಿಯಲಿಲ್ಲ. ಎರಡೂ ಚಕ್ರ ಹಾಕಿ ಗಾಡಿ ಇಳಿಸಿದಾಗ ಮೂರೂವರೆ.

ನಾನು ಕೈ ತೊಳೆಯಲು ಹೋದದ್ದೇ ತಪ್ಪಾಯಿತು. ಭಾವ ಡ್ರೈವರ್ ಸೀಟಿನಲ್ಲಿ ಕೂತು ಬ್ರೇಕ್ ಒಂದೇ ಸಲ ತುಳಿದರು. ಪೆಡಲು ನೆಲ ಮುಟ್ಟಿತು. ನೋಡವ್ವ, ಇವಳು ಇದ್ದ ಬ್ರೇಕನ್ನೂ ತೆಗೆದುಬಿಟ್ಟಳು ಅಂತ ಬೀದಿಗೆಲ್ಲ ಕೇಳುವಂತೆ ಕೂಗಿದರು. ಅತ್ತೆ ಬಾಗಿಲಿಗೆ ಬಂದು ನಿಂತರು. ನಾನು ಒದ್ದೆ ಕೈಯಲ್ಲೇ ಓಡಿಬಂದೆ.

"ಇಳೀರಿ ಭಾವ," ಅಂದೆ. ಜೋರು ಮಾಡಲಿಲ್ಲ. ಇಳಿದರು. ಹಿಂದಕ್ಕೆ ಒತ್ತಿದ ಪಿಸ್ಟನ್ನು ಮುಂದೆ ಬರಬೇಕಾದರೆ ಗಾಡಿ ಕದಲುವ ಮುಂಚೆ ಪೆಡಲನ್ನು ನಾಲ್ಕಾರು ಸಲ ತುಳಿಯಬೇಕು. ತುಳಿದೆ. ಒಂದು, ಎರಡು, ಮೂರು... ಐದನೆಯದಕ್ಕೆ ಪೆಡಲು ಕಲ್ಲಿನಂತೆ ನಿಂತಿತು. ಸ್ಟಾರ್ಟ್ ಮಾಡಿ ಅಂಗಳದಲ್ಲೇ ಹಿಂದಕ್ಕೆ ಮುಂದಕ್ಕೆ ನಾಲ್ಕು ಸಲ ಓಡಾಡಿಸಿದೆ. ಒತ್ತಿದಲ್ಲಿ ನಿಂತಿತು. ಕಿರ್ರೆನ್ನಲಿಲ್ಲ.

ಭಾವ ಕಿಟಕಿಯ ಹತ್ತಿರ ಬಂದರು. ಬಗ್ಗಿ, ನನಗೊಬ್ಬಳಿಗೇ ಕೇಳುವಂತೆ, ಆ ಮನುಷ್ಯ ಮಧುಗಿರಿ ದಾಟಿದ್ದಾನಂತೆ, ಮಾತು ಕೊಟ್ಟಾಗಿದೆ, ನನ್ನ ಮರ್ಯಾದೆ ತೆಗೆಯಬೇಡ ಅಂದರು. ನಾನು ರೋಡಿಗೆ ಒಂದು ಸುತ್ತು ಹೋಗಿ ನೋಡಿಬರೋಣ ಅಂತ ಗೇರ್ ಹಾಕಿದೆ. ಅವರು ಓಡಿಬಂದು ಬಾನೆಟ್ಟಿನ ಮೇಲೆ ಎರಡೂ ಕೈಯೂರಿ ಅಡ್ಡ ನಿಂತುಬಿಟ್ಟರು. ಅತ್ತೆಯ ಹೆಬ್ಬೆಟ್ಟು ಒತ್ತಿಸುವ ಕಾಗದ ಅವರ ಜೇಬಿನಿಂದ ಇಣುಕುತ್ತಿತ್ತು. ಬ್ರೇಕ್ ಇಲ್ಲದ ಗಾಡಿ, ಊರವರನ್ನು ಸಾಯಿಸುತ್ತೀಯಾ ಅಂತ ಮತ್ತೆ ಅದೇ ರಾಗ.

ಅತ್ತೆ ಜಗಲಿ ಇಳಿದು ಬಂದರು. ನನ್ನ ಕಡೆ ನೋಡಲಿಲ್ಲ. ಎಡಗಡೆ ಬಾಗಿಲು ತೆಗೆದು, ಸೆರಗು ಎಳೆದುಕೊಂಡು, ನನ್ನ ಪಕ್ಕ ಕೂತರು. ಕಿಟಕಿಯಿಂದ ತಲೆ ಹೊರಗೆ ಹಾಕಿ ಮಗನನ್ನು ಒಂದು ಗಳಿಗೆ ದಿಟ್ಟಿಸಿದರು.

"ಲೇ, ಬ್ರೇಕ್ ಇಲ್ಲ ಅಂದೋನು ನೀನೇ ಅಲ್ವೇನ್ಲಾ? ಮತ್ತೆ ಮುಂದ್ಗಡೆ ಯಾವ ಧೈರ್ಯದ ಮ್ಯಾಲೆ ನಿಂತಿದೀಯ?"

ಭಾವ ಬಾನೆಟ್ಟಿನ ಮೇಲಿನ ಕೈ ತೆಗೆದರು.