ಎರಡನೆಯ ಒಬ್ಬಟ್ಟು

ಹಬ್ಬದ ಪಂಕ್ತಿಯಲ್ಲಿ ನಮ್ಮತ್ತೆ ಎರಡನೆಯ ಒಬ್ಬಟ್ಟನ್ನು ಕೇಳಿ ಹಾಕಿಸಿಕೊಳ್ಳುತ್ತಿದ್ದರು. "ನಮ್ಮ ವಂಶದಲ್ಲಿ ಸಕ್ಕರೆ ಕಾಯಿಲೆ ಅನ್ನೋದೇ ಇಲ್ಲ" ಎಂಬ ಮಾತು ಅದರ ಜೊತೆಗೇ ಬರುತ್ತಿತ್ತು. ನಾನೂ ಅದನ್ನು ವೇದವಾಕ್ಯದಂತೆ ನಂಬಿದ್ದೆ.

ಹದಿನಾರರ ನನ್ನ ಮಗಳಿಗೆ ಹುಟ್ಟಿನಿಂದ ಸಿಸ್ಟಿಕ್ ಫೈಬ್ರೋಸಿಸ್, ಶ್ವಾಸಕೋಶದಲ್ಲೂ ಹೊಟ್ಟೆಯಲ್ಲೂ ಲೋಳೆ ಗಟ್ಟಿಯಾಗುವ ಕಾಯಿಲೆ. ನನ್ನಿಂದೊಂದು, ಗಂಡನಿಂದೊಂದು, ಎರಡು ಕೆಟ್ಟ ಜೀನು ಸೇರಿ ಬಂದದ್ದು. ಬೆವರಲ್ಲಿ ಉಪ್ಪು ಹೆಚ್ಚು, ಮುತ್ತಿಟ್ಟರೆ ಕೆನ್ನೆ ಉಪ್ಪುಪ್ಪು. ಜೀರ್ಣದ ಮಾತ್ರೆ ನುಂಗಿದರೇ ಉಂಡದ್ದು ಮೈಗೆ ಹತ್ತುವುದು. ಆ ವರ್ಷ ಎಷ್ಟು ತುಪ್ಪ ಸುರಿದರೂ ತೂಕ ಇಳಿಯುತ್ತಲೇ ಹೋಯಿತು. ನನಗೆ ಜೀವ ಬಾಯಿಗೆ ಬಂದಿತ್ತು.

ಈ ಕಾಯಿಲೆಯವರಿಗೆ ಮಧುಮೇಹವೂ ಬರಬಹುದು, ಮನೆತನದಲ್ಲಿ ಮಾಮೂಲಿ ಸಕ್ಕರೆ ಕಾಯಿಲೆಯಿದ್ದರೆ ಆ ಜೀನುಗಳಿಂದ ಅಪಾಯ ಇನ್ನೂ ಹೆಚ್ಚು, ವರ್ಷಕ್ಕೊಮ್ಮೆ ಪರೀಕ್ಷೆ ತಪ್ಪಿಸಬೇಡಿ ಎಂದು ಡಾಕ್ಟರು ಹೇಳಿದ್ದರು. ನಮ್ಮಲ್ಲಿಲ್ಲವಲ್ಲ ಎಂಬ ಧೈರ್ಯದಲ್ಲಿ ನಾನು ಎರಡು ವರ್ಷ ತಪ್ಪಿಸಿದ್ದೆ. ದಡ್ಡಿ ನಾನು!

ಅಂಧೇರಿಯ ಮನೆಯಲ್ಲಿ ಒಂದು ಸಂಜೆ ಡಾಕ್ಟರ ಈ ಮಾತನ್ನು ಅತ್ತೆಯ ಮುಂದೆ ಹೇಳಿದೆ. ಅವರು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದವರು ಎದ್ದು ಹೋಗಿ ರಂಗೋಲಿ ಡಬ್ಬ ತಂದರು. ಒಳಗೆ ಮಾತ್ರೆಯ ಸ್ಟ್ರಿಪ್ಪುಗಳು.

"ನಂಗಿದೆ ಕಣೇ. ನಿಮ್ಮಾವಂಗೂ ಇತ್ತು. ಹೇಳಿದ್ರೆ ನಿಮ್ಮನೆಯವ್ರು ಹೆಣ್ಣು ಕೊಡ್ತಿದ್ರಾ? ಮಗೂನ ನಾಳೇನೇ ಕರ್ಕೊಂಡ್ಹೋಗು."

"ಅಜ್ಜಿ, ಸಚ್ಚಿ? ನಿಜವಾಗ್ಲೂ?" ಎಂದು ಅರ್ಧ ಹಿಂದಿಯಲ್ಲೇ ಮಾತಾಡುವ ಮಗಳು ಬಾಯಿ ಬಿಟ್ಟಳು.

ಕೋಪ ನೆತ್ತಿಗೇರಿತು. ಆದರೆ ಅದರ ಹಿಂದೆಯೇ ಹೊಳೆಯಿತು: ಮಗಳ ತೂಕ ಇಳಿಯುವುದಕ್ಕೆ ಕಾರಣ ಸಕ್ಕರೆ ಕಾಯಿಲೆಯೇ ಆಗಿದ್ದರೆ, ಅದಕ್ಕೆ ಮದ್ದಿದೆ!

ಮರುದಿನ ಖಾಲಿ ಹೊಟ್ಟೆಯಲ್ಲಿ ಗ್ಲೂಕೋಸ್ ನೀರು ಕುಡಿಸಿ, ಎರಡು ಗಂಟೆ ಕಾಯಿಸಿ ರಕ್ತ ತೆಗೆದರು. ರಿಪೋರ್ಟು ಮೊಬೈಲಿಗೆ ಬಂದಾಗ ನಾವು ರಿಕ್ಷಾದಲ್ಲಿದ್ದೆವು. ಸಕ್ಕರೆ ಏರಿತ್ತು. "ಕಾರಣ ಸಿಕ್ಕಿತು!" ಎಂದು ನಾನು ಕೂಗಿದ್ದಕ್ಕೆ ಡ್ರೈವರು ಗಾಡಿಯನ್ನೇ ನಿಲ್ಲಿಸಿಬಿಟ್ಟ.

ಸಿಹಿಯೆಲ್ಲ ಬಂದ್ ಮಾಡಲೇ ಎಂದು ಕೇಳಿದರೆ ಡಾಕ್ಟರು ಗದರಿದರು. ಇವಳಿಗೆ ಊಟ ಕಡಿಮೆ ಮಾಡಬಾರದಂತೆ. ಚೆನ್ನಾಗಿ ತಿನ್ನಬೇಕು, ಅದಕ್ಕೆ ತಕ್ಕಷ್ಟು ಇನ್ಸುಲಿನ್ ಚುಚ್ಚಿಕೊಳ್ಳಬೇಕು.

ಎರಡು ತಿಂಗಳಿಗೆ ತೂಕ ಎರಡು ಕಿಲೋ ಏರಿತು. ಕ್ಲಿನಿಕ್ಕಿನಲ್ಲೇ ಕುಣಿದೆ. "ಮಮ್ಮಿ, ಸಬ್ ದೇಖ್ ರಹೇ ಹೈ" ಎಂದು ಮಗಳು ಸೆರಗು ಜಗ್ಗಿದಳು. ಎಲ್ಲರೂ ನೋಡಿದರೆ ನೋಡಲಿ ಬಿಡು!

ಗೌರಿಹಬ್ಬಕ್ಕೆ ನೆಂಟರೆಲ್ಲ ಸೇರಿದ್ದರು. ಎರಡನೆಯ ಒಬ್ಬಟ್ಟು ಹಿಡಿದು ನಾನು, ಮಗಳ ಪಕ್ಕ ಕೂತಿದ್ದ ಅತ್ತೆಯ ಮುಂದೆ ಬಂದೆ. ಅವರು ಎಲೆಗೆ ಕೈ ಅಡ್ಡ ಹಿಡಿದು, ಪಂಕ್ತಿಗೆಲ್ಲ ಕೇಳುವಂತೆ ಹೇಳಿದರು:

"ನಂಗೆ ಸಕ್ಕರೆ ಕಾಯಿಲೆ ಇದೆ. ನಂದನ್ನ ಅವಳ ಎಲೆಗೆ ಹಾಕು."