ದೋಣಿಯ ಕಾರ್ಬನ್ನು, ಮಗಳ ರೈಲು

ಮೊನ್ನೆ ಮಗಳು ಆ ಹಳೆಯ ಪೆಟ್ಟಿಗೆಯ ಮುಚ್ಚಳ ಬಿಚ್ಚಿ ನೆಲದ ಮೇಲಿಟ್ಟಾಗ ಬೆಸುಗೆಯ ರಾಳದ ವಾಸನೆ ಬಂತು. ಇಷ್ಟು ವರ್ಷ ಆ ವಾಸನೆ ಅದರೊಳಗೇ ಕುಳಿತಿತ್ತೋ ಏನೋ... ಕುಂದಾಪುರದ ಓಣಿಯಲ್ಲಿದ್ದ ರೇಡಿಯೋ ರಿಪೇರಿಯವರು ನನ್ನ ಎದುರಿಗೇ ಬಂದು ನಿಂತ ಹಾಗಾಯಿತು.

ಪೆಟ್ಟಿಗೆ ಅಂದರೆ ಆಟದ ರೈಲಿಗೆ ಕರೆಂಟು ಕೊಡುವ ಟ್ರಾನ್ಸ್‌ಫಾರ್ಮರ್. ನಮ್ಮ ಯಜಮಾನರು ಬೊಂಬಾಯಿಯಲ್ಲಿ ಒಬ್ಬ ಸೇಟರ ಮನೆಯಲ್ಲಿ ಅಡುಗೆ ಮಾಡುತ್ತಿದ್ದರು. ಸೇಟರ ಮಕ್ಕಳು ಆಡಿ ಬಿಟ್ಟ ವಿದೇಶಿ ರೈಲನ್ನು ಹಳಿ ಸಮೇತ ಮಗಳಿಗೆಂದು ಹೊತ್ತು ತಂದರು. ನಮ್ಮೂರು ಹೆಮ್ಮಾಡಿಯಲ್ಲಿ ಆಗ ನಿಜವಾದ ರೈಲು ಕಂಡವರೇ ಕಡಿಮೆ. ನೆರೆಮನೆಯವರೆಲ್ಲ ನಮ್ಮ ಜಗಲಿಯಲ್ಲಿ ಕೂತು ನೋಡಿದ್ದೇ ನೋಡಿದ್ದು!

ಮರುವರ್ಷ ಯಜಮಾನರು ತೀರಿಹೋದರು. ಆಮೇಲೆ ಮಗಳಿಗೆ ಅಪ್ಪ ಅಂದರೆ ಆ ರೈಲೇ. ಒಂದು ದಿನ ಅದೂ ನಿಂತಿತು. ಅವಳು ಅಳಲಿಲ್ಲ. ಕೈಯಿಂದಲೇ ದೂಡುತ್ತಾ ಬಾಯಲ್ಲಿ ಸದ್ದು ಮಾಡುತ್ತಿದ್ದಳು. ಅದನ್ನು ನೋಡಲಾಗದೆ ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡು ಕುಂದಾಪುರದ ಬಸ್ಸು ಹತ್ತಿದೆ.

"ಕುಂದಾಪ್ರಕ್ಕೇ ರೈಲ್ ಬರ್ಲಿಲ್ಲ, ನಿಮ್ಮನಿಗ್ ಬಂತಾ ತಂಗೀ?" ಎಂದು ರೇಡಿಯೋ ರಿಪೇರಿಯವರು ನಕ್ಕರು. ಪೆಟ್ಟಿಗೆ ಬಿಚ್ಚಿದರೆ ಒಳಗೆ ತಾಮ್ರದ ತಂತಿಯ ಸುರುಳಿ, ಹಿಡಿ ತಿರುಗಿಸಿದಂತೆ ಅದರ ಮೇಲೆ ಉಜ್ಜುತ್ತಾ ಹೋಗುವ ಒಂದು ಕಾರ್ಬನ್ ತುಂಡು. ರೈಲು ಜೋರಾಗುವುದೂ ನಿಧಾನವಾಗುವುದೂ ಅದರಿಂದಲೇ ಅಂತೆ. ಅದು ಸವೆದು ಒಡೆದಿತ್ತು. ಟಾರ್ಚಿನ ಸೆಲ್ ಒಡೆದು ಅದರೊಳಗಿನ ಕರಿಕಡ್ಡಿ ಹಾಕಿ ನೋಡಿದರು. ಪುಡಿಯಾಯಿತು.

"ಮಳಿಗಾಲ ಬರ್ಲಿ" ಅಂದರು.

"ಮಳಿಗೂ ರೈಲಿಗೂ ಎಂತ ಸಂಬಂಧ ಅಣ್ಣಯ್ಯ?"

"ದೋಣಿ ಮೇಲ್ ಬಪ್ಪತನ್ಕ ಕಾಯ್ಕ್ ಮಾರಾಯ್ತಿ."

ಮಳೆಗಾಲದಲ್ಲಿ ಮೀನುಗಾರಿಕೆ ನಿಂತು ದೋಣಿಗಳು ದಡ ಸೇರುತ್ತವೆ. ಇಂಜಿನ್ ಬಿಚ್ಚುವುದು, ಡೈನಮೋದ ಸವೆದ ಕಾರ್ಬನ್ ಕಿತ್ತು ಹೊಸದು ಹಾಕುವುದು ಎಲ್ಲ ಆಗಲೇ. ಅವರು ಮಳೆಯಲ್ಲೇ ಸೈಕಲ್ ಹೊಡೆದುಕೊಂಡು ಕಡಲ ದಡದ ಕೋಡಿಗೆ ಹೋಗಿ, ಆ ಹಳೆಯ ತುಂಡುಗಳನ್ನು ಕೇಳಿ ತಂದರು. ರೇಡಿಯೋಗಳನ್ನು ಬದಿಗಿಟ್ಟು, ಅರದಲ್ಲಿ ಉಜ್ಜಿ ಉಜ್ಜಿ ಬೇಕಾದ ಆಕಾರಕ್ಕೆ ತಂದರು. "ಹ್ವಾಯ್, ರೈಲ್ವೇ ಕೆಲ್ಸ ಸಿಕ್ತಾ ನಿಮ್ಗೆ?" ಎಂದು ಗಿರಾಕಿಗಳು ತಮಾಷೆ ಮಾಡುತ್ತಿದ್ದುದನ್ನು ನಾನೇ ಕೇಳಿದ್ದೇನೆ.

ಪೆಟ್ಟಿಗೆ ಕೈಗೆ ಕೊಡುವಾಗ, "ನಿಮ್ ಮೊಮ್ಮಕ್ಕಳ್ ಕಾಲಕ್ಕೂ ಆತ್ತ್ ತಂಗಿ" ಅಂದರು. ಸಮಾಧಾನಕ್ಕೆ ಆಡುವ ಮಾತು ಅಂದುಕೊಂಡೆ. ಆ ಸಂಜೆ ರೈಲು ಓಡಿತು. ಮಗಳು ಅದರ ಹಿಂದೆ ಮೊಣಕಾಲಲ್ಲಿ ಓಡಿದಳು...

ಈಗ ಅವಳ ಮಗಳು ಅಮ್ಮನ ಜೊತೆ ಬೈಂದೂರಿನಿಂದ ರಜೆಗೆ ಬಂದಿದ್ದಾಳೆ. ನನ್ನ ಚಿನ್ನ! ಅಜ್ಜನ ರೈಲು ಓಡಿಸಬೇಕು ಅಂತ ಒಂದೇ ಹಟ. ಒಂದು ಸುತ್ತು ಬಂದು ರೈಲು ನಿಂತೇಬಿಟ್ಟಿತು. ಬಿಚ್ಚಿ ನೋಡಿದರೆ ಕಾರ್ಬನ್ ಪೂರ್ತಿ ಸವೆದಿದೆ. ಮಗಳು ಫೋನಿನಲ್ಲಿ ದೇಶವಿದೇಶದ ಅಂಗಡಿಗಳನ್ನೆಲ್ಲ ಜಾಲಾಡಿದಳು. "ಇದ್ ಈಗ ಎಲ್ಲೂ ಸಿಕ್ಕುದಿಲ್ಲ ಅಮ್ಮ" ಅಂದು ಮುಖ ತಿರುಗಿಸಿಕೊಂಡಳು. ಅವಳ ಕಣ್ಣು ನನಗೆ ಗೊತ್ತಿಲ್ಲವೇ.

ಅಷ್ಟರಲ್ಲಿ ಕವುಚಿದ ಮುಚ್ಚಳವನ್ನು ಮಗುಚಿ ಆಡುತ್ತಿದ್ದ ಮೊಮ್ಮಗಳು ಕೂಗಿದಳು: "ಅಮ್ಮಮ್ಮ, ಇಲ್ಲೆಂತದೋ ಅಂಟಿಸಿದ್ರ್ ಕಾಣಿ!"

ಮುಚ್ಚಳದ ಒಳಮೂಲೆಯಲ್ಲಿ, ನಾವು ಮೇಣವೋ ಕೊಳೆಯೋ ಅಂದುಕೊಂಡಿದ್ದ ಕರಿ ಟೇಪಿನ ಉಂಡೆ. ಬಿಡಿಸಿದರೆ ಇನ್ನೊಂದು ಕಾರ್ಬನ್ ತುಂಡು. ಅದೇ ಅಳತೆ, ಅದೇ ಅರದ ಗೀರು. ಹೇಳದೆ ಕೇಳದೆ ಎರಡು ಮಾಡಿ, ಒಂದನ್ನು ಮೊಮ್ಮಗಳಿಗೆಂದು ಎತ್ತಿಟ್ಟಿದ್ದರು ಪುಣ್ಯಾತ್ಮ!

ರೈಲು ಓಡಿತು. ನಾನು ಕುಣಿಯಲಿಲ್ಲ ಅಷ್ಟೇ. ಈ ಸುದ್ದಿ ಹೇಳೋಣ ಎಂದರೆ ಅವರು ಹೋಗಿ ಎಷ್ಟೋ ವರ್ಷವಾಯಿತು, ಓಣಿಯ ಆ ಅಂಗಡಿಯಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ...

ಮಗಳಿಗೆ ಹೇಳಿಟ್ಟಿದ್ದೇನೆ, ಈ ಮಳೆಗಾಲ ದೋಣಿ ಮೇಲೆ ಬಂದಾಗ ಕೋಡಿಗೆ ಹೋಗಬೇಕು. ಮುಚ್ಚಳದ ಆ ಮೂಲೆಯನ್ನು ಖಾಲಿ ಬಿಡುವ ಹಾಗಿಲ್ಲ.