ನೆಲೋಗಿಯ ನೂರಾ ಎಂಬತ್ತೇಳು ಆನೆಗಳು

ಶಿವಕಾಂತಾ ಹನ್ನೆರಡು ವರ್ಷಗಳಿಂದ ಮನೆಮನೆ ಸಮೀಕ್ಷೆ ಮಾಡುತ್ತ ಬಂದವಳು. ಅವಳ ಗುರುತಿಲ್ಲದ ನಾಯಿ ಜೇವರ್ಗಿ ತಾಲೂಕಿನಲ್ಲೇ ಇಲ್ಲ. ಈ ಸಲದ ಪಾಳಿ ಅವಳ ತವರೂರು ನೆಲೋಗಿಯದು. ನಲ್ಲಿಗೆ ನೀರು ಬರುತ್ತಿಲ್ಲವೆಂದು ಸಮೀಕ್ಷೆಯಲ್ಲಿ ಕಂಡರೆ ಊರಿಗೆ ಹೊಸ ಪೈಪು. ಕಾಣದಿದ್ದರೆ ಅವಳ ತಾಯಿ ಗೌರಾಬಾಯಿ ಅರವತ್ತೆಂಟರ ಮೊಣಕಾಲು ಎಳೆದುಕೊಂಡು ಇನ್ನೂ ಹಳ್ಳಕ್ಕೇ ಹೋಗಬೇಕು.

ಪ್ರಶ್ನೆ ಬರೆದವರು ಜೇವರ್ಗಿ ಕಚೇರಿಯ ಧಮ್ಮಪಾಲ ಸಾಹೇಬರು: "ನಿಮ್ಮ ಮನೆಗೆ ದಿನಾಲೂ ನಲ್ಲಿ ನೀರು ಬರುತ್ತದೆಯಲ್ಲವೇ?" ಹೊಸ್ತಿಲಿಗೆ ಬಂದವರ ಮುಖದ ಮೇಲೆ 'ಇಲ್ಲ' ಅನ್ನುವ ಜನವೇ ನೆಲೋಗಿಯವರು? "ಹೌದ್ರಿ" ಅಂದರು, ಚಹಾ ಕೊಟ್ಟರು. ಗೌರಾಬಾಯಿ ಕೂಡ, ಹಳ್ಳದ ನೀರಿನ ಕೊಡ ಸೊಂಟದ ಮೇಲಿರುವಾಗಲೇ, "ಹೌದವ್ವಾ, ಬರ್ತದ" ಅಂದಳು.

"ಯವ್ವಾ, ನಾ ನಿನ್ನ ಮಗಳು ಬೇ!"

"ಮಗಳಾದ್ರೇನು, ಕಾಗದ ಹಿಡ್ಕೊಂಡು ಬಂದಿ. ಬಂದವ್ರಿಗಿ ಇಲ್ಲ ಅಂತಾರೇನು?"

ಶಿವಕಾಂತಾಳಿಗೆ ಮೈಯೆಲ್ಲ ಉರಿಯಿತು. ಪ್ರಶ್ನೆಯೇ ಉತ್ತರವನ್ನು ಬಾಯಿಗೆ ತುರುಕಿದರೆ ಜನ ಏನು ಮಾಡಿಯಾರು? ಇದನ್ನು ಸಾಹೇಬರಿಗೆ ತೋರಿಸಿಯೇ ತೀರಬೇಕೆಂದು ಹಾಳೆಯ ಕೆಳಗೆ ತಾನೇ ಒಂದು ಪ್ರಶ್ನೆ ಸೇರಿಸಿ ಇಡೀ ಊರು ಮತ್ತೆ ಸುತ್ತಿದಳು: "ನಿಮ್ಮ ಮನ್ಯಾಗ ಆನಿ ಅದಲ್ರಿ?"

ನೂರಾ ತೊಂಬತ್ತು ಮನೆಗಳಲ್ಲಿ ನೂರಾ ಎಂಬತ್ತೇಳು "ಹೌದ್ರಿ". ಉಳಿದ ಮೂರಕ್ಕೆ ಬೀಗ ಹಾಕಿತ್ತು. ಗೌಸಿಯಾಬೇಗಂ ಅಂತೂ, "ಹೌದ್ರಿ, ಮೇಯಾಕ ಹೋಗ್ಯಾದ, ಕೂಡ್ರಿ" ಎಂದು ಚಾಪೆ ಹಾಸಿದಳು.

ಧಮ್ಮಪಾಲರು ಹಾಳೆ ಓದಿ ಕನ್ನಡಕ ಒರೆಸಿಕೊಂಡರು. ನಗಲಿಲ್ಲ.

"ಇಷ್ಟು ಆನಿ ಕುಡದ್ರೂ ಸಾಲ್ತದಂದ್ರ ಹೊಸಾ ಪೈಪ್ ಯಾಕ ಬೇಕ್ರಿ? ನೀರು ಭರಪೂರ ಅದ, ಅಲ್ರಿ ಶಿವಕಾಂತಾಬಾಯಿ?"

ಸಾಹೇಬರ ಎದುರು ಅವಳ ನಾಲಿಗೆ, ಹುಟ್ಟಿದಾಗಿನ ಅಭ್ಯಾಸ ನೋಡಿ, 'ಹೌ' ಎನ್ನುವವರೆಗೆ ಬಂದೇಬಿಟ್ಟಿತು. ಅವಳಿಗೆ ನಾಚಿಕೆಯಾಯಿತು. ಊರವರ ಮೇಲಿದ್ದ ಸಿಟ್ಟೆಲ್ಲ ತನ್ನ ಮೇಲೇ ತಿರುಗಿತು. ತುಟಿ ಕಚ್ಚಿ ತಡೆದುಕೊಂಡಳು.

"ಇಲ್ರಿ."

ಧಮ್ಮಪಾಲರು ತಮ್ಮ ನೌಕರಿಯಲ್ಲೇ ಈ ಮಾತು ಕೇಳಿರಲಿಲ್ಲ. ಅದನ್ನು ಬರೆಯಲು ಹಾಳೆಯಲ್ಲಿ ಜಾಗವನ್ನೂ ಬಿಟ್ಟಿರಲಿಲ್ಲ. ಪೆನ್ನು ಹಿಡಿದು ಅತ್ತಿತ್ತ ಹುಡುಕಿದರು. ಆ ಗಲಿಬಿಲಿಯಲ್ಲೇ ಬಾಯಿತಪ್ಪಿ ಕೇಳಿದರು:

"ಮತ್ತ... ನಿಮ್ಮ ತವರಮನಿಗಿ ನಿನ್ನಿ ನೀರು ಯಾರು ತಂದ್ರು? ಎಲ್ಲಿಂದ?"

ಹನ್ನೆರಡು ವರ್ಷದಲ್ಲಿ ಮೊದಲ ಬಾರಿಗೆ ಆ ಕಚೇರಿಯಿಂದ ಒಂದು ನಿಜವಾದ ಪ್ರಶ್ನೆ ಹೊರಬಿದ್ದಿತ್ತು. ಶಿವಕಾಂತಾಳ ಕಣ್ಣು ತುಂಬಿತು.

"ನಮ್ಮವ್ವ ತಂದಾಳ್ರಿ. ಹಳ್ಳದಿಂದ. ಆರು ಕೊಡ."

ಸಾಹೇಬರು ಹಾಳೆ ಮಗುಚಿ, ಹಿಂಬದಿಯಲ್ಲಿ ಅದನ್ನು ಬರೆದುಕೊಂಡರು.